ಯಾರ ಲೆಕ್ಕಕ್ಕೂ ಸೇರದ ರನ್

2003ರ ಮಾರ್ಚ್ 23, ಭಾನುವಾರ ಬೆಳಗಿನ ಜಾವ ಮೂರು ಗಂಟೆ. ಡೆಟ್ರಾಯಿಟ್‌ನ ಉತ್ತರಕ್ಕಿರುವ ಟ್ರಾಯ್ ಎಂಬ ಊರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ನಾವು ಹನ್ನೊಂದು ಜನ ಒಂದೇ ಟಿವಿಯ ಮುಂದೆ ಕುಳಿತಿದ್ದೆವು. ಜೋಹಾನ್ಸ್‌ಬರ್ಗ್‌ನಲ್ಲಿ ವಿಶ್ವಕಪ್ ಫೈನಲ್. ಆಸ್ಟ್ರೇಲಿಯಾ 359 ಹೊಡೆಯಿತು. ನಮ್ಮ ಮೈಸೂರಿನ ಶ್ರೀನಾಥ್ ಹತ್ತು ಓವರಿಗೆ 87 ಕೊಟ್ಟರು, ವಿಕೆಟ್ ಒಂದೂ ಬೀಳಲಿಲ್ಲ. ಅದೇ ಅವರ ಕೊನೆಯ ಏಕದಿನ ಪಂದ್ಯವೂ ಆಯಿತು. 125 ರನ್ನಿನ ಸೋಲು ಮುಗಿಯುವ ಹೊತ್ತಿಗೆ ಹೊರಗೆ ಬೆಳಕು ಹರಿದು ಎಷ್ಟೋ ಹೊತ್ತಾಗಿತ್ತು. ಮಾಡಿಟ್ಟಿದ್ದ ಉಪ್ಪಿಟ್ಟು ಪಾತ್ರೆಯಲ್ಲೇ ಗಟ್ಟಿಯಾಗಿತ್ತು.

ಮರುದಿನ ಕಚೇರಿಯಲ್ಲಿ ಪಕ್ಕದ ಮೇಜಿನ ಹಿರಿಯರು ನನ್ನ ಮುಖ ನೋಡಿ, ಊರಿನಲ್ಲಿ ಯಾರಾದರೂ ತೀರಿಕೊಂಡರೇ ಎಂದು ಕೇಳಿದರು. ಅರವತ್ತರ ಹತ್ತಿರದ ಅಮೆರಿಕನ್. ಮೂವತ್ತು ವರ್ಷ ಕಾರಿನ ಬ್ರೇಕುಗಳ ನಕ್ಷೆ ಬರೆದು ಸವೆದ ಕೈ. ನಾನು ಕ್ರಿಕೆಟ್ಟಿನ ಕಥೆ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. "ಒಂದು ಪಂದ್ಯ ತಾನೇ? ಮುಂದಿನ ಸೋಮವಾರ ನಮ್ಮದು ಶುರು. ನಾವು ನೂರು ಸೋಲುತ್ತೇವೆ, ನೋಡುತ್ತಿರು" ಎಂದರು.

ನಮ್ಮದು ಎಂದರೆ ಡೆಟ್ರಾಯಿಟ್ ಟೈಗರ್ಸ್. ಬೇಸ್‌ಬಾಲ್‌ನಲ್ಲಿ ಒಂದು ತಂಡ ವರ್ಷಕ್ಕೆ 162 ಪಂದ್ಯ ಆಡುತ್ತದೆ ಎಂಬುದೇ ನನಗೆ ಆಗ ಹೊಸ ಸುದ್ದಿ. ಆರು ತಿಂಗಳು, ಹೆಚ್ಚುಕಡಿಮೆ ಪ್ರತಿದಿನ. ಹಿಂದಿನ ವರ್ಷ ಅವರು 106 ಸೋತಿದ್ದರಂತೆ. ಹಿರಿಯರ ಭವಿಷ್ಯವಾಣಿಯಲ್ಲಿ ಜ್ಯೋತಿಷ್ಯವೇನೂ ಇರಲಿಲ್ಲ.

ಆದರೂ ಅವರು ಕಡಿಮೆಯೇ ಹೇಳಿದ್ದರು. ಮಾರ್ಚ್ 31ರಿಂದ ಆಡಿದ ಮೊದಲ ಒಂಬತ್ತು ಪಂದ್ಯ ಒಂಬತ್ತೂ ಸೋಲು. ಹದಿನೆಂಟು ಮುಗಿದಾಗ ಒಂದು ಗೆಲುವು, ಹದಿನೇಳು ಸೋಲು. ಇಪ್ಪತ್ತೆಂಟು ಮುಗಿದಾಗ ಮೂರು ಗೆಲುವು. ಇದರಲ್ಲಿ ಹಿರಿಯರ ಹೊಟ್ಟೆ ಉರಿಸಿದ ಸಂಗತಿ ಬೇರೆಯೇ ಇತ್ತು. ತಂಡದ ಮ್ಯಾನೇಜರ್ ಆಲನ್ ಟ್ರಾಮೆಲ್, ಅವರ ಜೊತೆಗೆ ಕೋಚ್ ಆಗಿ ಬಂದ ಕರ್ಕ್ ಗಿಬ್ಸನ್ ಮತ್ತು ಲ್ಯಾನ್ಸ್ ಪ್ಯಾರಿಶ್, ಮೂವರೂ 1984ರ ಚಾಂಪಿಯನ್ ತಂಡದವರು. ಆ ವರ್ಷ ಟೈಗರ್ಸ್ ಮೊದಲ ನಲವತ್ತು ಪಂದ್ಯಗಳಲ್ಲಿ 35 ಗೆದ್ದಿತ್ತು. ಅದೇ ಮೂವರು, ಅದೇ ಬಿಳಿ ಅಂಗಿಯ ಮೇಲಿನ ಅದೇ ಹಳೆಯ ಅಕ್ಷರ, ಈಗ ಇಪ್ಪತ್ತೆಂಟರಲ್ಲಿ ಮೂರು! ಸಾಲದ್ದಕ್ಕೆ ನಾಲ್ಕು ದಶಕ ರೇಡಿಯೋದಲ್ಲಿ ಪಂದ್ಯ ಹೇಳಿದ್ದ ಎರ್ನಿ ಹಾರ್ವೆಲ್ ಹಿಂದಿನ ವರ್ಷವಷ್ಟೇ ನಿವೃತ್ತರಾಗಿದ್ದರು. "ಕೆಟ್ಟ ಸುದ್ದಿಯನ್ನೂ ಅವರ ಬಾಯಲ್ಲಿ ಕೇಳಬಹುದಿತ್ತು" ಎಂದು ಹಿರಿಯರು ಗೊಣಗುತ್ತಿದ್ದರು.

ಮೇ ತಿಂಗಳಲ್ಲಿ ಒಂದು ಸಂಜೆ ಅವರು ನನ್ನನ್ನು ಟೈಗರ್ಸ್‌ನ ಮೈದಾನವಾದ ಕೊಮೆರಿಕಾ ಪಾರ್ಕಿಗೆ ಕರೆದುಕೊಂಡು ಹೋದರು. ಬಾಗಿಲಲ್ಲಿ ಬಾಯಿ ತೆರೆದು ನಿಂತ ದೈತ್ಯ ಹುಲಿಯ ಪ್ರತಿಮೆ, ಒಳಗೆ ಮಕ್ಕಳಿಗೆ ಹುಲಿ ಸವಾರಿಯ ತಿರುಗಣಿ, ಬೇಸ್‌ಬಾಲ್ ಆಕಾರದ ತೊಟ್ಟಿಲುಗಳ ಜಾಯಿಂಟ್ ವ್ಹೀಲ್. ದಸರಾ ವಸ್ತುಪ್ರದರ್ಶನಕ್ಕೆ ಬಂದ ಹಾಗಾಯಿತು. ಜನ ಮಾತ್ರ ಇಲ್ಲ. ಸಸ್ಯಾಹಾರಿಗೆ ಸಿಕ್ಕಿದ್ದು ಹುರಿದ ಕಡಲೆಕಾಯಿ. ಸಿಪ್ಪೆಯನ್ನು ಕಾಲ ಬುಡದಲ್ಲೇ ಹಾಕಬೇಕು, ಅದೇ ಇಲ್ಲಿಯ ಶಿಷ್ಟಾಚಾರ ಎಂದು ಕೇಳಿ ಈ ದೇಶದ ಬಗ್ಗೆ ಮೊದಲ ಬಾರಿಗೆ ಪ್ರೀತಿ ಬಂತು.

ಹಿರಿಯರು ತೊಡೆಯ ಮೇಲೊಂದು ರಟ್ಟು, ಅದರ ಮೇಲೆ ಸ್ಕೋರ್ ಹಾಳೆ ಇಟ್ಟುಕೊಂಡು ಮೊಂಡು ಪೆನ್ಸಿಲಿನಿಂದ ಬರೆಯತೊಡಗಿದರು. ಅದನ್ನು ನೋಡಿ ನನಗೆ ಒಳಗೇನೋ ಕದಲಿದಂತಾಯಿತು. ನನ್ನ ಅಪ್ಪ ಬ್ಯಾಂಕಿನ ಗುಮಾಸ್ತರು. ಭಾನುವಾರಗಳಲ್ಲಿ ಮೈಸೂರಿನ ಮಹಾರಾಜ ಕಾಲೇಜು ಮೈದಾನದಲ್ಲಿ ಲೀಗ್ ಪಂದ್ಯಗಳಿಗೆ ಸ್ಕೋರರ್ ಆಗಿ ಕೂರುತ್ತಿದ್ದರು. ಮರದಡಿ ಒಂದು ಮೇಜು, ಉದ್ದದ ಪುಸ್ತಕ, ಕಿವಿಗೆ ಸಿಕ್ಕಿಸಿದ ಕೆಂಪು ಪೆನ್ಸಿಲು. ಅವರ ಪಕ್ಕ ಕುಳಿತು ಚುಕ್ಕಿ ಇಡುವುದೇ ನನ್ನ ಬಾಲ್ಯದ ದೊಡ್ಡ ಸಂಭ್ರಮ.

ಇಲ್ಲಿ ಚುಕ್ಕಿ ಇಲ್ಲ. ಪ್ರತಿ ಚೌಕದೊಳಗೆ ಒಂದು ಪುಟ್ಟ ವಜ್ರಾಕೃತಿ. ಮೈದಾನದ ನಾಲ್ಕು ಮೂಲೆಗಳಿಗೆ ಬೇಸ್ ಎಂದು ಹೆಸರು; ಆಟಗಾರ ಬೇಸಿನಿಂದ ಬೇಸಿಗೆ ಓಡಿದಷ್ಟೂ ಅದರ ಒಂದೊಂದು ಬದಿ ಗಾಢವಾಗುತ್ತದೆ. ಸುತ್ತು ಮುಗಿಸಿ ರನ್ ಬಂದರೆ ಇಡೀ ವಜ್ರ ತುಂಬುತ್ತದೆ. ಮೈದಾನದಲ್ಲಿ ನಿಂತ ಒಂಬತ್ತು ಜನರಿಗೂ ಒಂದೊಂದು ಸಂಖ್ಯೆ. 6-4-3 ಎಂದು ಬರೆದರೆ ಚೆಂಡು ಯಾರ ಕೈಯಿಂದ ಯಾರ ಕೈಗೆ ಹೋಗಿ ಇಬ್ಬರು ಔಟಾದರು ಎಂಬುದು ಐವತ್ತು ವರ್ಷದ ಮೇಲೂ ತಿಳಿಯುತ್ತದೆ. ಬ್ಯಾಟ್ ಬೀಸದೆ ಸುಮ್ಮನೆ ನೋಡುತ್ತ ನಿಂತು ಔಟಾದವನ ಚೌಕದಲ್ಲಿ ಇಂಗ್ಲಿಷಿನ 'ಕೆ' ಅಕ್ಷರವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಬರೆಯಬೇಕು. ಆ ರಾತ್ರಿಯ ಹಾಳೆಯಲ್ಲಿ ತಿರುಗಿದ 'ಕೆ'ಗಳು ಬೇಕಾದಷ್ಟಿದ್ದವು, ತುಂಬಿದ ವಜ್ರಗಳು ಬಹಳ ಕಡಿಮೆ.

ನನ್ನನ್ನು ಹಿಡಿದಿಟ್ಟದ್ದು ಇನ್ನೊಂದು ಲೆಕ್ಕ. ಬೇಸ್‌ಬಾಲ್‌ನಲ್ಲಿ ಸೋಲು ತಂಡಕ್ಕೆ ಮಾತ್ರ ಬರುವುದಿಲ್ಲ, ಚೆಂಡು ಎಸೆಯುವ ಒಬ್ಬ ಪಿಚರ್‌ನ ಹೆಸರಿಗೂ ಬರುತ್ತದೆ. ಎದುರಾಳಿಗೆ ಕೊನೆಯವರೆಗೂ ಉಳಿಯುವ ಮುನ್ನಡೆಯ ರನ್ ಯಾರ ಪಾಲಿನದೋ ಅವನ ಖಾತೆಗೆ ಸೋಲು ಜಮೆ. ಜೋಹಾನ್ಸ್‌ಬರ್ಗಿನ ಸೋಲನ್ನು ಶ್ರೀನಾಥ್ ಹೆಸರಿನಲ್ಲಿ ಅಧಿಕೃತವಾಗಿ ಬರೆದಿಟ್ಟಿದ್ದರೆ ಹೇಗಿರುತ್ತಿತ್ತು ಎಂದು ಯೋಚಿಸಿ ನೋಡಿ. ಟೈಗರ್ಸ್‌ನಲ್ಲಿ ಮೈಕ್ ಮಾರೋತ್ ಎಂಬ ಎಡಗೈ ಹುಡುಗನಿದ್ದ. ಆ ವರ್ಷ ಅವನ ಹೆಸರಿಗೆ 21 ಸೋಲು ಬಿದ್ದವು. 1980ರ ನಂತರ ಇಪ್ಪತ್ತು ಮುಟ್ಟಿದ ಪಿಚರ್ ಅವನೇ. ಇಪ್ಪತ್ತು ವರ್ಷದ ಜೆರೆಮಿ ಬಾಂಡರ್‌ಮನ್ ಹತ್ತೊಂಬತ್ತಕ್ಕೆ ಬಂದು ನಿಂತಾಗ, ಅವನ ಹೆಸರಿಗೆ ಆ ಮಸಿ ಬಳಿಯುವುದು ಬೇಡವೆಂದು ಟ್ರಾಮೆಲ್ ಅವನನ್ನು ಸರದಿಯಿಂದ ಸರಿಸಿದರು. ಮಾರೋತ್ ಮಾತ್ರ ತನ್ನ ಸರದಿ ಬಂದಾಗಲೆಲ್ಲ ಹೋಗಿ ನಿಂತ. ಕಛೇರಿಯ ಚಹಾದ ಹೊತ್ತಿನಲ್ಲಿ ಈ ಬಗ್ಗೆ ವಾದವೇ ನಡೆಯುತ್ತಿತ್ತು. ನಾನು ಆಗಲೂ ಈಗಲೂ ಮಾರೋತ್ ಪಕ್ಷ. ಇಪ್ಪತ್ತು ಸಲ ಸೋಲಬೇಕಾದರೆ, ಇವನನ್ನೇ ಮತ್ತೆ ಕಳಿಸೋಣ ಎಂದು ಇಪ್ಪತ್ತು ಸಲ ಯಾರಿಗಾದರೂ ಅನ್ನಿಸಿರಬೇಕಲ್ಲ.

ಬೇಸಿಗೆಯಲ್ಲಿ ಕಛೇರಿಯ ಮೇಜುಗಳು ಒಂದೊಂದಾಗಿ ಖಾಲಿಯಾಗುತ್ತಿದ್ದವು. ಶುಕ್ರವಾರ ಮಧ್ಯಾಹ್ನ ಒಬ್ಬರು ರಟ್ಟಿನ ಪೆಟ್ಟಿಗೆ ಹಿಡಿದು ಲಿಫ್ಟಿನತ್ತ ನಡೆದರೆ ಉಳಿದವರು ಕಂಪ್ಯೂಟರಿನಿಂದ ತಲೆ ಎತ್ತುತ್ತಿರಲಿಲ್ಲ. ನನ್ನದು ಗುತ್ತಿಗೆಯ ಕೆಲಸ. ಡಿಸೆಂಬರ್‌ವರೆಗೆ ಎಂದು ಕಾಗದದಲ್ಲಿತ್ತು, ಕಾಗದದಲ್ಲಿ ಮಾತ್ರ. ಆಗಸ್ಟ್ 14ರಂದು ಇಡೀ ಪ್ರದೇಶದ ವಿದ್ಯುತ್ ಹೋಗಿ ನಗರವೇ ಕತ್ತಲಾದಾಗ ನೆಲೆಗೆಡದೆ ಇದ್ದವರು ನಾವು ಭಾರತೀಯರೇ ಇರಬೇಕು. ಮೇಣದ ಬತ್ತಿ ಹಚ್ಚಿ, ಮೊಸರನ್ನ ಕಲಸಿ, ಕಿಟಕಿ ತೆರೆದು ಮಲಗಿದೆವು.

ಸೆಪ್ಟೆಂಬರ್ 27, ಶನಿವಾರ. ಆ ಹೊತ್ತಿಗೆ ಟೈಗರ್ಸ್ ಗೆದ್ದದ್ದು 41, ಸೋತದ್ದು 119. ಉಳಿದದ್ದು ಎರಡೇ ಪಂದ್ಯ. ಆಧುನಿಕ ಬೇಸ್‌ಬಾಲ್‌ನಲ್ಲಿ ಒಂದೇ ವರ್ಷದ ಅತಿ ಹೆಚ್ಚು ಸೋಲಿನ ದಾಖಲೆ ಆಗ 1962ರ ನ್ಯೂಯಾರ್ಕ್ ಮೆಟ್ಸ್ ತಂಡದ 120 ಆಗಿತ್ತು. ಒಂದು ಸೋತರೆ ಸಮ, ಎರಡೂ ಸೋತರೆ ಹೊಸ ದಾಖಲೆ. "ಬಾ, ಸಾವಿನ ಮನೆಗೆ ಹೋಗಿ ಬರೋಣ" ಎಂದು ಹಿರಿಯರು ಕರೆದರು. ಈ ಸಲ ಪೆನ್ಸಿಲು ನನ್ನ ಕೈಗೆ ಕೊಟ್ಟರು.

ಎದುರಾಳಿ ಮಿನೆಸೋಟ ಟ್ವಿನ್ಸ್. ಗುಂಪಿನ ಅಗ್ರಸ್ಥಾನ ಆಗಲೇ ಗಟ್ಟಿ ಮಾಡಿಕೊಂಡಿದ್ದವರು. ಅವರಿಗೆ ಈ ಪಂದ್ಯ ಬರಿಯ ಹಾಜರಿ. ಆ ಹಾಜರಿಯಲ್ಲೇ 8-0 ಮುಂದೆ ಹೋದರು. ನಾನು ಬರೆಯುತ್ತಲೇ ಹೋದೆ. ಹಿರಿಯರು ಕಡಲೆಕಾಯಿ ಬಿಡಿಸುತ್ತಿದ್ದರು, ತಿನ್ನುತ್ತಿರಲಿಲ್ಲ. ಬಿಡಿಸಿದ ಬೀಜಗಳು ಅವರ ಅಂಗೈಯಲ್ಲೇ ಗುಡ್ಡೆಯಾಗಿದ್ದವು. ಸುತ್ತಲಿನ ಜನ ಎದ್ದು ಹೋಗಲಿಲ್ಲ. ಇಷ್ಟು ದೂರ ಬಂದಿದ್ದೇವೆ, ಹೂಳಿಯೇ ಹೋಗೋಣ ಎಂಬ ಹಾಗೆ ಕೂತಿದ್ದರು.

ಆಮೇಲೆ ನನ್ನ ಹಾಳೆಯ ಕೆಳಗಿನ ಅರ್ಧದಲ್ಲಿ ವಜ್ರಗಳು ತುಂಬತೊಡಗಿದವು. ಮೊದಲು ಯಾರೂ ಗಮನಿಸಲಿಲ್ಲ. ಮುಂದೆ ಜನ ಎದ್ದು ನಿಂತರು, ನಿಂತವರು ಮತ್ತೆ ಕೂರಲಿಲ್ಲ. ಎದುರಿನವರ ಬೆನ್ನು ಅಡ್ಡವಾಗಿ ನಾನು ಅರ್ಧ ಆಟವನ್ನು ಹಿರಿಯರ ಬಾಯಿಂದ ಕೇಳಿ ಬರೆದೆ. ನಾಲ್ಕು ಚೌಕಗಳ ಅಕ್ಷರ ಇಂದಿಗೂ ನನಗೇ ಓದಲು ಬರುವುದಿಲ್ಲ. 8-8.

ಟ್ವಿನ್ಸ್ ಪರವಾಗಿ ಎಸೆಯಲು ನಿಂತವರು ಜೆಸ್ಸಿ ಒರಾಸ್ಕೊ, ವಯಸ್ಸು 46. ಚೆಂಡು ಕೈಬಿಟ್ಟದ್ದು ಕಂಡಿತು, ಬ್ಯಾಟಿನ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಮೈ ಚೆಲ್ಲಿದ್ದು ಕಂಡಿತು. ಚೆಂಡು ಅವನನ್ನೂ ದಾಟಿ ಹಿಂದಕ್ಕೆ ಹೋಯಿತು. ಮೂರನೆಯ ಬೇಸಿನಲ್ಲಿದ್ದವನು ಓಡಿ ಬಂದು ಕೊನೆಯ ಬೇಸಾದ ಹೋಮ್ ಪ್ಲೇಟ್ ಮುಟ್ಟಿದ. 9-8. ಬ್ಯಾಟಿಗೆ ಚೆಂಡು ತಾಗಲೇ ಇಲ್ಲ. ಕಪ್ ಗೆದ್ದವರಂತೆ ಆಟಗಾರರು ಒಬ್ಬರ ಮೇಲೊಬ್ಬರು ಬಿದ್ದರು. ಹಿರಿಯರ ಅಂಗೈಯಲ್ಲಿದ್ದ ಬೀಜಗಳೆಲ್ಲ ನನ್ನ ಜಾಕೆಟ್ಟಿನ ಟೋಪಿಯೊಳಗೆ ಬಿದ್ದವು.

ಒರಾಸ್ಕೊ ಯಾರೆಂದು ನನಗೆ ತಿಳಿದದ್ದು ಹಿಂತಿರುಗುವ ದಾರಿಯಲ್ಲಿ. 1986ರಲ್ಲಿ ಮೆಟ್ಸ್ ವಿಶ್ವ ಸರಣಿ ಗೆದ್ದಾಗ ಕೊನೆಯ ಚೆಂಡು ಎಸೆದು ಕೈಗವುಸನ್ನು ಆಕಾಶಕ್ಕೆ ತೂರಿದವರು ಅವರೇ. ಈಗ ಮೆಟ್ಸ್‌ನ ಹಳೆಯ ಅವಮಾನಕ್ಕೆ ಜೊತೆ ಸಿಗದಂತೆ ಮಾಡಿದ್ದೂ ಅವರ ಕೈಯೇ. ಅವರಷ್ಟು ಪಂದ್ಯಗಳಲ್ಲಿ ಎಸೆದ ಪಿಚರ್ ಇನ್ನೊಬ್ಬನಿಲ್ಲ. ಅಂದಿನದು ಅವರ ಕೊನೆಯ ಪಂದ್ಯವಾಯಿತು. ಮರುದಿನವೂ ಟೈಗರ್ಸ್ ಗೆದ್ದು ಲೆಕ್ಕ 43-119ಕ್ಕೆ ನಿಂತಿತು.

ಶನಿವಾರ ರಾತ್ರಿ ಮನೆಗೆ ಬಂದವನೇ ಫೋನ್ ಕಾರ್ಡಿನ ಬೆಳ್ಳಿ ಪಟ್ಟಿ ಉಜ್ಜಿ, ಅಂಕಿಗಳನ್ನೆಲ್ಲ ಒತ್ತಿ ಮೈಸೂರಿಗೆ ಕರೆ ಮಾಡಿದೆ. ಅಲ್ಲಿ ಭಾನುವಾರ ಬೆಳಿಗ್ಗೆ. ಹಿಂದಿನಿಂದ ಕುಕ್ಕರ್ ಕೂಗುತ್ತಿತ್ತು.

"ಅಪ್ಪ, ಗೆದ್ದೆವು!"

"ಏನು, ಕೆಲಸ ಕಾಯಂ ಆಯಿತೇನೋ?"

ಅಲ್ಲ, ಬೇಸ್‌ಬಾಲ್ ಎಂದೆ. ಎಷ್ಟು ಗೆದ್ದಿರಿ ಎಂದರು. ನಲವತ್ತೆರಡು. ಸೋತದ್ದು? ನೂರಾ ಹತ್ತೊಂಬತ್ತು. ಸ್ವಲ್ಪ ಹೊತ್ತು ಮಾತಿಲ್ಲ. ಕಾರ್ಡಿನ ನಿಮಿಷಗಳು ಹೋಗುತ್ತಿವೆ ಎಂದು ನಾನು ಕೊನೆಯ ರನ್ನಿನ ಕಥೆಯನ್ನು ಗಡಿಬಿಡಿಯಲ್ಲಿ ಹೇಳಿ ಮುಗಿಸಿದೆ.

"ಆ ರನ್ ಯಾರ ಲೆಕ್ಕಕ್ಕೆ ಬರೆದೆ?" ಎಂದು ಕೇಳಿದರು.

"ಬ್ಯಾಟ್ ಹಿಡಿದವನ ಲೆಕ್ಕಕ್ಕೆ ಸೇರುವುದಿಲ್ಲವಂತೆ, ಅಪ್ಪ."

"ಬ್ಯಾಟಿಗೂ ತಾಗಲಿಲ್ಲ, ಕೀಪರ್ ಕೈಗೂ ಸಿಗಲಿಲ್ಲ. ಮತ್ತೇನು, ಬೈ ಕಣೋ ಅದು" ಎಂದರು.