ಫೀಡ್‌ಬ್ಯಾಕ್ ಕೇಳಿದ ಮೇಲೆ ಉತ್ತರಾನೂ ಕೊಡಬೇಕಲ್ವಾ?

ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಫೀಡ್‌ಬ್ಯಾಕ್ ಫಾರಂ ಬರುತ್ತದೆ. ಮಕ್ಕಳು ಓದದೆ ಎಲ್ಲದಕ್ಕೂ ‘ಉತ್ತಮ’ ಅಂತ ಟಿಕ್ ಹಾಕುತ್ತಾರೆ. ಅದು ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್‌ಗಾಗಿ ಇಟ್ಟ ಫೈಲಿಗೆ ಸೇರುತ್ತದೆ, ಅಷ್ಟೇ. ಬರೆದವರಿಗೆ ಅದರಿಂದ ಮೂರು ಕಾಸಿನ ಪ್ರಯೋಜನ ಇಲ್ಲ.

ಹಾಗಾಗಿ ಮೊದಲ ಇಂಟರ್ನಲ್ಸ್ ಮುಗಿದ ತಕ್ಷಣ ನಾನೇ ಚೀಟಿ ಕೊಟ್ಟು ಕೇಳುತ್ತೇನೆ. ಹೆಸರು ಬೇಡ, ರಿಜಿಸ್ಟರ್ ನಂಬರ್ ಬೇಡ. ಮುಂದಿನ ಕ್ಲಾಸಿನಲ್ಲಿ ಅದಕ್ಕೆ ಉತ್ತರ: ಯಾವುದನ್ನು ಬದಲಾಯಿಸುತ್ತೇನೆ, ಯಾವುದು ನನ್ನ ಕೈಯಲ್ಲಿಲ್ಲ. ‘ಕಾಸ್ಟ್ ಅಕೌಂಟಿಂಗ್ ಲೆಕ್ಕ ಬೇಗ ಒರೆಸಬೇಡಿ’ ಅಂತ ಜಾಸ್ತಿ ಜನ ಬರೆದಿದ್ದರು. ಸರಿ, ಒರೆಸಲ್ಲ. ‘ಮಾರ್ಕ್ಸ್ ಎಲ್ಲರ ಮುಂದೆ ಓದಬೇಡಿ’. ಅದೂ ಸರಿ, ಪೇಪರ್ ಮಡಚಿ ಕೈಗೆ ಕೊಟ್ಟರಾಯಿತು. ಒಬ್ಬನಿಗೆ ಮೂರು ಮಾರ್ಕ್ಸ್ ಬಂದಿದ್ದು ಪಕ್ಕದ ಬೆಂಚಿಗೆ ಯಾಕೆ ಗೊತ್ತಾಗಬೇಕು? ಸಿಲಬಸ್ ಕಮ್ಮಿ ಮಾಡಿ ಅಂದಿದ್ದರು. ಅದು ಯೂನಿವರ್ಸಿಟಿ ಕೈಯಲ್ಲಿದೆ ಕಣ್ರಪ್ಪಾ ಅಂದೆ, ನಕ್ಕರು.

ಬಸ್ಸಿನ ವಿಷಯವಂತೂ ಪ್ರತಿ ಸಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಟಿಕೆಟ್ ಖರ್ಚು ಉಳಿಯಿತು, ಒಳ್ಳೆಯದೇ. ಆದರೆ ನಾಗಮಂಗಲ, ಕೆ.ಆರ್. ಪೇಟೆ ಕಡೆಯಿಂದ ಮಂಡ್ಯಕ್ಕೆ ಬರುವ ಹುಡುಗಿ ಮನೆ ಕೆಲಸ ಮುಗಿಸಿ, ತಿಂಡಿ ಬಿಟ್ಟು, ಬಸ್ಸಿನಲ್ಲಿ ನಿಂತುಕೊಂಡೇ ಬಂದು, ಕೊನೆಗೆ ಐದು ನಿಮಿಷ ತಡವಾಯಿತು ಅಂತ ಕ್ಲಾಸಿನ ಬಾಗಿಲಲ್ಲೂ ನಿಲ್ಲಬೇಕು. ಅಟೆಂಡೆನ್ಸ್ ಶೇ. 75 ಇರಲೇಬೇಕು ಅನ್ನುವ ಭಯ ಬೇರೆ. ಈಗ ಹಾಜರಿಯನ್ನು ಪೀರಿಯಡ್ ಕೊನೆಗೆ ಕರೆಯುತ್ತೇನೆ.

ಈ ಸಲ ಒಂದು ಚೀಟಿಯಲ್ಲಿ ಪಾಠದ ಮಾತೇ ಇರಲಿಲ್ಲ. ‘ರಾತ್ರಿ ನಿದ್ದೆ ಬರಲ್ಲ ಮೇಡಂ, ಓದಿದ್ದು ತಲೆಗೆ ಹೋಗಲ್ಲ, ಮನೇಲಿ ಹೇಳೋಕಾಗಲ್ಲ.’ ಪೆನ್ಸಿಲ್ಲಿನಲ್ಲಿ ಬರೆದು, ಒರೆಸಿ, ಮತ್ತೆ ಬರೆದಿದ್ದು. ಅಕ್ಷರ ನೋಡಿ ಯಾರು ಅಂತ ಹುಡುಕೋಣ ಅಂದರು ಸ್ಟಾಫ್ ರೂಮಿನಲ್ಲಿ ಒಬ್ಬರು. ಬೇಡ ಅಂದೆ. ಹೆಸರು ಬೇಡ ಅಂತ ಹೇಳಿ ಆಮೇಲೆ ಪತ್ತೇದಾರಿಕೆ ಮಾಡಿದರೆ ಇನ್ಯಾರೂ ಬಾಯಿ ಬಿಡಲ್ಲ. (ಸಾಯಬೇಕು ಅನ್ನಿಸುತ್ತೆ ಅಂತ ಬರೆದಿದ್ದರೆ ಮಾತೇ ಬೇರೆ, ಆಗ ಹುಡುಕಲೇಬೇಕು.) ಚೀಟಿಯನ್ನು ಜೋರಾಗಿ ಓದದೆ ಕ್ಲಾಸಿಗೆಲ್ಲ ಹೇಳಿದೆ: ನಿದ್ದೆ ಕೆಟ್ಟಿದ್ದರೆ ಅದು ಸೋಮಾರಿತನ ಅಲ್ಲ, ಮೂರು ಗಂಟೆ ಮೇಲೆ ನಾನು ಇಲ್ಲೇ ಇರುತ್ತೇನೆ, ನನ್ನ ಹತ್ತಿರ ಮುಜುಗರ ಅಂದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯ ಸಹಾಯವಾಣಿ, 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಂಬರನ್ನು ಬೋರ್ಡಿನ ಮೂಲೆಯಲ್ಲಿ ಬರೆದು, ಒರೆಸಬೇಡಿ ಅಂತ ಅಟೆಂಡರ್‌ಗೂ ಹೇಳಿದ್ದೇನೆ.

ನಾನು ಲೆಕ್ಕ ಹೇಳಿಕೊಡುವವಳು, ಮನಸ್ಸಿನ ಡಾಕ್ಟರಲ್ಲ. ಸುಮ್ನೆ ‘ಧೈರ್ಯವಾಗಿರು, ಯೋಗ ಮಾಡು’ ಅಂದುಬಿಟ್ಟರೆ ಏನೂ ಹೇಳದಿದ್ದದ್ದೇ ವಾಸಿ. 100 ಮತ್ತು ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕಡೆ ತರಬೇತಿ ಪಡೆದ ಕೌನ್ಸೆಲರ್ ಇರಬೇಕು ಅಂತ 2025ರ ಜುಲೈನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ನಮ್ಮಲ್ಲಿ ಆ ಹೆಸರಿನ ಬೋರ್ಡಿರುವ ರೂಮಿದೆ, ಒಳಗೆ ಹಳೇ ಉತ್ತರಪತ್ರಿಕೆ ಕಟ್ಟುಗಳಿವೆ. ಒಬ್ಬರನ್ನು ನೇಮಿಸಿ ಅಂತ ಅರ್ಜಿ ಕೊಟ್ಟಿದ್ದೇನೆ. ಉತ್ತರ ಬಂದಿಲ್ಲ, ಮುಂದಿನ ವಾರ ಮತ್ತೆ ಹೋಗಿ ಕೇಳಬೇಕು.