ಎಂಟು ಪುಟ, ಒಂದು ತೋಟ

ಗಿಡ, ಹೂಗಳ ಜಲವರ್ಣ ಚಿತ್ರ ಬರೆದುಕೊಡುವುದು ನನ್ನ ಕೆಲಸ. ಒಮ್ಮೆ ಒಬ್ಬರು ತಮ್ಮ ತೋಟದ ವಸಂತವನ್ನು ಮಡಿಚುವ ಸ್ಕೆಚ್‌ಬುಕ್ಕಿನಲ್ಲಿ ಬರೆದುಕೊಡಿ ಎಂದು ಕೇಳಿದರು. ಉದ್ದಕ್ಕೆ ಒಂದೇ ಹಾಳೆ, ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆ, ಒಟ್ಟು ಎಂಟು ಪುಟ.

ಪುಟಕ್ಕೊಂದು ಹೂವು ಎಂದು ಶುರು ಮಾಡಿದೆ. ಕ್ರೋಕಸ್, ಡ್ಯಾಫೊಡಿಲ್, ಟ್ಯೂಲಿಪ್, ಪ್ಯಾನ್ಸಿ. ಒಂದು ಮುಗಿಸಿಯೇ ಇನ್ನೊಂದು. ಪ್ರತಿ ಪುಟವೂ ಚೆನ್ನಾಗೇ ಬಂತು. ಅವರು ಪೂರ್ತಿ ಬಿಚ್ಚಿ ಮೇಜಿನ ಮೇಲೆ ನಿಲ್ಲಿಸಿದರು. ಸ್ವಲ್ಪ ಹೊತ್ತು ನೋಡಿ, "ಹೂವೆಲ್ಲಾ ಇವೆ, ತೋಟ ಎಲ್ಲಿದೆ?" ಎಂದು ಕೇಳಿದರು. ನಿಜ. ದಿನಾ ಹೊಸದಾಗಿ ಹಸಿರು ಕಲಸಿದ್ದೆ, ಹಾಗಾಗಿ ಪುಟಕ್ಕೊಂದು ಹಸಿರು. ನೆಲವೂ ಪ್ರತಿ ಮಡಿಕೆಯಲ್ಲಿ ತುಂಡಾಗಿತ್ತು. ಮುಂದಿನ ವಸಂತಕ್ಕೆ ಮತ್ತೆ ಬರೆದುಕೊಡುತ್ತೇನೆ ಎಂದೆ. ಅವರು ಒಪ್ಪಿದರು.

ಎರಡನೇ ಸಲ ಮೊದಲಿಗೆ ಹೂವನ್ನು ಮುಟ್ಟಲೇ ಇಲ್ಲ. ಎಂಟೂ ಪುಟ ಬಿಚ್ಚಿಟ್ಟು, ಏರಿಳಿಯುವ ಒಂದೇ ನೆಲದ ಗೆರೆಯನ್ನು ಪೆನ್ಸಿಲ್‌ನಲ್ಲಿ ತೆಳ್ಳಗೆ ಎಳೆದೆ. ಎಲೆಗಳಿಗೆ ನೀಲಿ, ಹಳದಿ ಸೇರಿಸಿ ಒಂದೇ ಹಸಿರನ್ನು ಸಾಕಷ್ಟು ಕಲಸಿಕೊಂಡೆ. ಡ್ಯಾಫೊಡಿಲ್ ಎಲೆಗೆ ಅದರಲ್ಲೇ ನೀಲಿ ಸ್ವಲ್ಪ ಜಾಸ್ತಿ, ಎಳೆ ಚಿಗುರಿಗೆ ಹಳದಿ ಜಾಸ್ತಿ. ಬೇರೆ ಬೇರೆ ಕಂಡರೂ ಎಲ್ಲಾ ಒಂದೇ ಮನೆಯವು.

ಮಡಿಕೆಯ ಮೇಲೆ ಬಣ್ಣ ಹೋಗುವಾಗ ಎಚ್ಚರ ಬೇಕು. ಮಡಚಿದ ಜಾಗದಲ್ಲಿ ಕಾಗದದ ಮೇಲಿನ ಅಂಟಿನ ಲೇಪ ಒಡೆದಿರುತ್ತದೆ. ಚದರ ಮೀಟರಿಗೆ 300 ಗ್ರಾಂ ತೂಗುವ (300 ಜಿಎಸ್ಎಂ) ದಪ್ಪ ಹತ್ತಿ ಕಾಗದದಲ್ಲೂ ಬಣ್ಣ ಅಲ್ಲಿ ಒಳಗೆ ಇಳಿದು ಗಾಢ ಗೆರೆಯಾಗುತ್ತದೆ. ಅದಕ್ಕೇ ಹೂವಿನ ನಡುಭಾಗವನ್ನು ಮಡಿಕೆಗೆ ತರುವುದಿಲ್ಲ. ಎಲೆಯನ್ನೋ ದಂಟನ್ನೋ ದಾಟಿಸುತ್ತೇನೆ, ಅದೂ ನೀರು ಒರೆಸಿಕೊಂಡ ಬ್ರಶ್‌ನಲ್ಲಿ.

ನನಗೆ ನಿಜವಾಗಿ ಪಾಠ ಹೇಳಿದ್ದು ಟ್ಯೂಲಿಪ್. ತಂಪಿನಲ್ಲಿ ಅದು ಮುಚ್ಚಿಕೊಂಡಿರುತ್ತದೆ, ಬೆಚ್ಚಗಾದರೆ ಅರಳುತ್ತದೆ. ಬೆಳಿಗ್ಗೆ ಮೊದಲ ಎಸಳಿನ ಬಣ್ಣ ಒಣಗುವಷ್ಟರಲ್ಲಿ ಎದುರಿನ ಹೂವೇ ಬೇರೆ ಆಗಿತ್ತು. ಮೊದಲೆಲ್ಲಾ ಆಗಿದ್ದರೆ ಗಡಿಬಿಡಿಯಲ್ಲಿ ಅರೆ ಒಣಗಿದ ಎಸಳಿನ ಮೇಲೆ ಮತ್ತೆ ನೀರು ಬಣ್ಣ ಇಡುತ್ತಿದ್ದೆ. ಹೊಸ ನೀರು ಹಳೆ ಬಣ್ಣವನ್ನು ಅಂಚಿಗೆ ತಳ್ಳಿ ಹೂಕೋಸಿನಂಥ ಕಲೆ ಬೀಳುತ್ತಿತ್ತು. ಈ ಸಲ ಆ ಪುಟವನ್ನು ಹಾಗೇ ಬಿಟ್ಟೆ. ಪಕ್ಕದ ಪುಟದಲ್ಲಿ ಅದೇ ಹೂವನ್ನು ಅರಳಿದಂತೆ ಬರೆದೆ: ಆರು ಎಸಳು, ನಡುವೆ ಆರು ಕೇಸರ. ಒಂದು ಎಲೆ ಬಾಗಿ ಮಡಿಕೆ ದಾಟಿ ಎರಡನ್ನೂ ಸೇರಿಸಿತು. ಬೆಳಗ್ಗೆ ಇತ್ತ, ಮಧ್ಯಾಹ್ನ ಅತ್ತ. ಬಿಡಿ ಹಾಳೆಯಲ್ಲಿ ಇದು ನನಗೆ ಹೊಳೆಯುತ್ತಲೇ ಇರಲಿಲ್ಲ.

ಅಂದಿನಿಂದ ಒಣಗಲಿ ಅಂತ ಸುಮ್ನೆ ಕೂರುವುದಿಲ್ಲ. ಮೂರನೇ ಪುಟ ಒಣಗುವಾಗ ಆರನೆಯದರಲ್ಲಿರುತ್ತೇನೆ. ಆದರೆ ಪೂರ್ತಿ ಒಣಗದೆ ಮಡಚಬೇಡಿ, ಎದುರುಬದುರು ಪುಟಗಳು ಬಣ್ಣ ಹಚ್ಚಿಕೊಳ್ಳುತ್ತವೆ. ಡ್ಯಾಫೊಡಿಲ್ ನೆರಳಿಗೆ ನೇರಳೆ ಹಾಕಿದರೆ ಹಳದಿ ಕೆಸರಾಗುತ್ತದೆ, ತೆಳು ಹಸಿರು ಸಾಕು. ಕಣ್ಣು ಕುಕ್ಕುವ ಫ್ಲೋರೊಸೆಂಟ್ ಗುಲಾಬಿ ಬಣ್ಣಗಳು ಬೆಳಕಿಗೆ ಬೇಗ ಮಾಸುತ್ತವೆ. ಬಿಚ್ಚಿ ನಿಲ್ಲಿಸುವ ಪುಸ್ತಕಕ್ಕೆ ಬೇಗ ಮಾಸದ ಗುಲಾಬಿ ಬಣ್ಣವಾದ ಕ್ವಿನಾಕ್ರಿಡೋನ್ ರೋಸ್ ವಾಸಿ.

ಕೊನೆಯ ಪುಟದ ಐರಿಸ್ ಕೊಡುವ ದಿನವೂ ಅರಳಿರಲಿಲ್ಲ. ಫೋಟೋ ನೋಡಿ ಹೂವು ಬರೆಯಬಹುದಿತ್ತು. ಮೊಗ್ಗನ್ನೇ ಬರೆದೆ, ಪಕ್ಕದಲ್ಲಿ ಬಿಳಿ ಕಾಗದ ಬಿಟ್ಟೆ. ಅವರು ಪುಸ್ತಕ ಬಿಚ್ಚುತ್ತಾ ಅಲ್ಲಿಗೆ ಬಂದು, "ಇದು ನಾಳೆ ಅರಳುತ್ತೆ, ಅಲ್ವಾ?" ಎಂದರು.