ಮರುಮುದ್ರಣಗಳ ಮಾಸಲು ಬಣ್ಣ

ಸ್ಪೈಡರ್‌ಮ್ಯಾನ್‌ನ ಮೊದಲ ಕಥೆಯನ್ನು ಚಿಕ್ಕಂದಿನಲ್ಲೇ ಓದಿದ್ದೇವೆ ಎನ್ನುವವರಲ್ಲಿ ಬಹುಪಾಲು ಜನ ಓದಿದ್ದು ಅದರ ಮರುಮುದ್ರಣವನ್ನು. ಆ ಕಥೆ ಮೊದಲು ಬಂದದ್ದು 1962ರ ಆಗಸ್ಟ್ ತಿಂಗಳ ‘ಅಮೇಜಿಂಗ್ ಫ್ಯಾಂಟಸಿ’ 15ನೇ ಸಂಚಿಕೆಯಲ್ಲಿ. 1964ರಲ್ಲಿ 25 ಸೆಂಟಿನ ‘ಮಾರ್ವೆಲ್ ಟೇಲ್ಸ್’ ವಾರ್ಷಿಕದಲ್ಲಿ ಅದೇ ಕಥೆ ಹಲ್ಕ್, ಥಾರ್, ಐರನ್ ಮ್ಯಾನ್‌ರ ಹುಟ್ಟಿನ ಕಥೆಗಳ ಜೊತೆ ಮತ್ತೆ ಬಂತು. 1974ರಲ್ಲಿ ‘ಆರಿಜಿನ್ಸ್ ಆಫ್ ಮಾರ್ವೆಲ್ ಕಾಮಿಕ್ಸ್’ ಎಂಬ ದಪ್ಪ ಪುಸ್ತಕದಲ್ಲಿ ಬಂತು. 1982ರಲ್ಲಿ ‘ಮಾರ್ವೆಲ್ ಟೇಲ್ಸ್’ನ 137ನೇ ಸಂಚಿಕೆಯಲ್ಲಿ ಇನ್ನೊಮ್ಮೆ. ಒಂದೇ ಕಥೆ, ಆದರೆ ಕಾಗದ, ಬಣ್ಣ, ಗಾತ್ರ ಪ್ರತಿ ಸಲವೂ ಬೇರೆ. ಹಾಗಾಗಿ ಚಿಕ್ಕಂದಿನ ಸಂಗ್ರಹವನ್ನು ಮತ್ತೆ ಕಟ್ಟಲು ಹೊರಟವರು ಮೊದಲು ತಿಳಿಯಬೇಕಾದದ್ದು, ತಮ್ಮ ನೆನಪಿನಲ್ಲಿರುವುದು ಯಾವ ಮುದ್ರಣ ಎಂಬುದನ್ನು. ಅದು ಗೊತ್ತಾಗದೆ ದುಬಾರಿ ಗಟ್ಟಿರಟ್ಟಿನ ಸಂಪುಟ ತಂದು ಬಿಡಿಸಿದರೆ, ಕಥೆ ಅದೇ ಇದ್ದರೂ ‘ಇದು ಅದಲ್ಲ’ ಅನ್ನಿಸಿಬಿಡುತ್ತದೆ.

ಹಾಗೆ ಅನ್ನಿಸುವುದಕ್ಕೆ ಗಟ್ಟಿ ಕಾರಣವಿದೆ. ಅದು ಅಡಗಿರುವುದು ಬಣ್ಣದಲ್ಲಿ.

ಹಳೆಯ ಅಮೆರಿಕನ್ ಕಾಮಿಕ್ಸ್‌ನಲ್ಲಿ ಕಪ್ಪು ಗೆರೆಗಳ ಒಳಗೆ ತುಂಬುತ್ತಿದ್ದದ್ದು ಮೂರೇ ಶಾಯಿ: ಹಳದಿ, ಕೆಂಪು, ನೀಲಿ. ಪ್ರತಿಯೊಂದಕ್ಕೂ ನಾಲ್ಕು ಮಟ್ಟ. ಒಂದೋ ಶಾಯಿಯೇ ಇಲ್ಲ, ಇಲ್ಲವೇ 25 ಪ್ರತಿಶತ ಚುಕ್ಕೆ, 50 ಪ್ರತಿಶತ ಚುಕ್ಕೆ, ಅಥವಾ ಪೂರ್ತಿ. ನಾಲ್ಕನ್ನು ನಾಲ್ಕರಿಂದ, ಮತ್ತೆ ನಾಲ್ಕರಿಂದ ಗುಣಿಸಿದರೆ 64 ಬಣ್ಣ. ಅಷ್ಟರಲ್ಲೇ ಇಡೀ ಜಗತ್ತು. ಮುದ್ರಣವಾಗುತ್ತಿದ್ದದ್ದು ನ್ಯೂಸ್‌ಪ್ರಿಂಟ್ ಮೇಲೆ. ಆ ಕಾಗದ ಹೊಸದಾಗಿದ್ದಾಗಲೂ ಬೂದು ಮಿಶ್ರಿತ ಬಿಳಿ. ಶಾಯಿಯನ್ನು ಸ್ಪಂಜಿನಂತೆ ಹೀರುತ್ತದೆ. ಹೀರಿದ ಚುಕ್ಕೆ ಹರಡಿ, ಪಕ್ಕದ ಚುಕ್ಕೆಯ ಜೊತೆ ಬೆರೆತು, ಕಡುಬಣ್ಣವೂ ಮೆತ್ತಗಾಗುತ್ತದೆ. ಬಣ್ಣ ಹಾಕುವವರು ಈ ಮೆತ್ತಗಾಗುವಿಕೆಯನ್ನು ಲೆಕ್ಕಕ್ಕೆ ಹಿಡಿದೇ ಪೂರ್ತಿ ಕೆಂಪು, ಪೂರ್ತಿ ಹಳದಿ ಬಳಸುತ್ತಿದ್ದರು. ಅದೇ ಬಣ್ಣದ ಗುರುತನ್ನು ಹೊಳಪಿನ ಬಿಳಿ ಕಾಗದಕ್ಕೆ ಹಾಗೇ ಏರಿಸಿದರೆ ಶಾಯಿ ಮೇಲೆಯೇ ನಿಲ್ಲುತ್ತದೆ, ಕಣ್ಣಿಗೆ ಚುಚ್ಚುತ್ತದೆ. ಹೊಸ ಸಂಪುಟಗಳು ತಪ್ಪು ಎನ್ನುತ್ತಿಲ್ಲ. ಗೆರೆಗಳು ಅವುಗಳಲ್ಲಿ ಎಷ್ಟೋ ಸ್ಪಷ್ಟ. ಆದರೆ ನೆನಪಿನ ಬಣ್ಣ ಬೇಕೆಂದರೆ ನ್ಯೂಸ್‌ಪ್ರಿಂಟಿನ ಮರುಮುದ್ರಣವನ್ನೇ ಹುಡುಕಬೇಕು. ಗುರುತಿಸುವುದು ಸುಲಭ: 10 ಪಟ್ಟು ಹಿಗ್ಗಿಸುವ ಮಸೂರದಲ್ಲಿ ಮುಖದ ಚರ್ಮದ ಬಣ್ಣ ನೋಡಿ. ಹಳೆಯ ಮುದ್ರಣದಲ್ಲಿ ದಪ್ಪ ಚುಕ್ಕೆಗಳು ಸಾಲುಗಟ್ಟಿ ನಿಂತಿರುತ್ತವೆ, ಅಲ್ಲಲ್ಲಿ ಕಪ್ಪು ಗೆರೆ ದಾಟಿ ಆಚೆ ಸರಿದಿರುತ್ತವೆ. ಇತ್ತೀಚಿನ ಮುದ್ರಣದಲ್ಲಿ ಚುಕ್ಕೆ ತೀರ ಸಣ್ಣ, ಅಂಚು ಚೊಕ್ಕ.

ಬಣ್ಣದ ವಿಷಯದಲ್ಲಿ ಹಲ್ಕ್‌ನ ಕಥೆಯನ್ನು ಬಿಡುವಂತಿಲ್ಲ. 1962ರ ಮೊದಲ ಸಂಚಿಕೆಯಲ್ಲಿ ಅವನ ಮೈ ಬೂದು. ಆ ಬೂದು ಪುಟದಿಂದ ಪುಟಕ್ಕೆ ಒಂದೇ ಸಮನಾಗಿ ಅಚ್ಚಾಗಲಿಲ್ಲವೆಂದು ಎರಡನೇ ಸಂಚಿಕೆಗೆ ಹಸಿರು ಮಾಡಿದರು. ಮುಂದಿನ ಸುಮಾರು 20 ವರ್ಷ ಮೊದಲ ಕಥೆಯ ಮರುಮುದ್ರಣಗಳಲ್ಲೂ ಅವನಿಗೆ ಹಸಿರನ್ನೇ ಬಳಿದರು. ಹಾಗಾಗಿ ಎಪ್ಪತ್ತರ ದಶಕದಲ್ಲಿ ಬೆಳೆದವರ ನೆನಪಿನಲ್ಲಿ ಹಲ್ಕ್ ಹುಟ್ಟಿನಿಂದಲೇ ಹಸಿರು. ಆ ನೆನಪು ತಪ್ಪಲ್ಲ, ಅವರ ಕೈಯಲ್ಲಿದ್ದ ಪ್ರತಿಯಲ್ಲಿ ಅವನು ನಿಜವಾಗಿಯೂ ಹಸಿರಾಗಿಯೇ ಇದ್ದ.

ಪುಟಗಳ ಲೆಕ್ಕದಲ್ಲಿ ಇನ್ನೊಂದು ತೊಡಕಿದೆ. ಅರವತ್ತರ ದಶಕದ ಮಾರ್ವೆಲ್ ಕಥೆಗಳು ಸಾಮಾನ್ಯವಾಗಿ 20ರಿಂದ 22 ಪುಟ. ಎಪ್ಪತ್ತರ ದಶಕದ ಕೊನೆಯಲ್ಲಿ ಕಾಗದದ ಖರ್ಚು ಏರಿ, ಒಂದು ಸಂಚಿಕೆಯಲ್ಲಿ ಕಥೆಗೆ ಸಿಗುತ್ತಿದ್ದದ್ದು 17 ಪುಟ. ಹಳೆಯ ಕಥೆಯನ್ನು ಅದರೊಳಗೆ ಕೂರಿಸಲು ಮೂರು ನಾಲ್ಕು ಪುಟ ಕಿತ್ತುಹಾಕುತ್ತಿದ್ದರು. ‘ಮಾರ್ವೆಲ್ ಟೇಲ್ಸ್’, ‘ಮಾರ್ವೆಲ್ಸ್ ಗ್ರೇಟೆಸ್ಟ್ ಕಾಮಿಕ್ಸ್’ ಎರಡರಲ್ಲೂ ಇದು ನಡೆದಿದೆ. ಹೊಡೆದಾಟದ ನಡುವೆ ಕಥೆ ಒಮ್ಮೆಲೇ ಜಿಗಿದರೆ ಹಾಳೆ ಕಳೆದುಹೋಗಿದೆ ಎಂದು ತೀರ್ಮಾನಿಸಬೇಡಿ, ಎಣಿಸಿ ನೋಡಿ. ಒಳಗೆ 32 ಪುಟವಿರುವ ಸಂಚಿಕೆ ಎಂದರೆ ಮಡಚಿದ 8 ಕಾಗದ. ಸ್ಟೇಪಲ್ ಪಿನ್ನು ಕಾಣುವ ನಡುಪುಟ ಬಿಡಿಸಿದಾಗ ಎಡಕ್ಕೆ 8 ಹಾಳೆ, ಬಲಕ್ಕೆ 8 ಹಾಳೆ ಇರಬೇಕು, ರಕ್ಷಾಪುಟ ಬೇರೆ. ಎರಡೂ ಬದಿ 8 ಇದ್ದು ಕಥೆ ಮಾತ್ರ ಜಿಗಿದರೆ ಅದು ಪ್ರಕಾಶಕರ ಕತ್ತರಿ. ಒಂದು ಬದಿ 7 ಇದ್ದರೆ ಹಾಳೆ ಹೋಗಿದೆ. ಎರಡೂ ಬದಿ 7 ಇದ್ದರೆ ಒಂದು ಇಡೀ ಕಾಗದವೇ ಕಳಚಿಬಿದ್ದಿದೆ. ಹಾಗೆ ಕಳಚುವುದು ಹೆಚ್ಚಾಗಿ ನಡುವಿನ ಕಾಗದ. ಆದ್ದರಿಂದ ಎಣಿಸುವ ಮುನ್ನ ನಡುಪುಟದ ಎರಡು ಬದಿಗಳ ಚಿತ್ರವೋ ಜಾಹೀರಾತೋ ಒಂದಕ್ಕೊಂದು ಹೊಂದುತ್ತದೆಯೇ ನೋಡುವುದು ಒಳ್ಳೆಯದು. 1980ರಲ್ಲಿ ಕಥೆಗೆ 22 ಪುಟ ಮರಳಿ ಬಂತು. ಹಾಗಾಗಿ ಮೊದಲ ಸ್ಪೈಡರ್‌ಮ್ಯಾನ್ ಕಥೆಗಳನ್ನು ನ್ಯೂಸ್‌ಪ್ರಿಂಟಿನಲ್ಲೇ ಕ್ರಮವಾಗಿ ಓದಬೇಕೆನ್ನುವವರಿಗೆ 1982ರ ಸರಣಿಯನ್ನೇ ಸೂಚಿಸುತ್ತೇನೆ. 137ರಲ್ಲಿ ಹುಟ್ಟಿನ ಕಥೆ, 138ರಲ್ಲಿ ‘ಅಮೇಜಿಂಗ್ ಸ್ಪೈಡರ್‌ಮ್ಯಾನ್’ನ ಮೊದಲ ಸಂಚಿಕೆ, 139ರಲ್ಲಿ ಎರಡನೆಯದು.

ಗೆರೆಗಳೂ ಎಲ್ಲ ಮುದ್ರಣದಲ್ಲಿ ಒಂದೇ ಅಲ್ಲ. ಮೂಲಚಿತ್ರ ಕೈಗೆ ಸಿಗದಾಗ ಅದರ ಫೋಟೋಸ್ಟ್ಯಾಟ್‌ನಿಂದ, ಕೆಲವೊಮ್ಮೆ ಫೋಟೋಸ್ಟ್ಯಾಟ್‌ನ ಫೋಟೋಸ್ಟ್ಯಾಟ್‌ನಿಂದ ಅಚ್ಚು ತೆಗೆಯುತ್ತಿದ್ದರು. ಪ್ರತಿ ಸುತ್ತಿಗೂ ರೆಪ್ಪೆಯಂಥ ಸೂಕ್ಷ್ಮ ಗೆರೆ ಅಳಿಯುತ್ತದೆ, ಒತ್ತಾಗಿ ಎಳೆದ ನೆರಳುಗೆರೆಗಳು ಕೂಡಿಕೊಂಡು ಕಪ್ಪು ಕಲೆಯಾಗುತ್ತವೆ. ಅದೂ ಸಿಗದಿದ್ದರೆ ಹಳೆಯ ಸಂಚಿಕೆಯ ಹಾಳೆಯಿಂದಲೇ ಬಣ್ಣವನ್ನು ರಾಸಾಯನಿಕದಲ್ಲಿ ತೊಳೆದು ಕಪ್ಪು ಗೆರೆ ಮಾತ್ರ ಉಳಿಸಿಕೊಳ್ಳುವ ಒಂದು ವಿಧಾನವಿತ್ತು. ಅದನ್ನು ರೂಢಿಗೆ ತಂದ ಗ್ರೆಗ್ ಥೀಕ್‌ಸ್ಟನ್ ಹೆಸರಿನಿಂದಲೇ ಅದಕ್ಕೆ ಥೀಕ್‌ಸ್ಟನೈಸಿಂಗ್ ಎಂಬ ಹೆಸರು ಬಂತು. ಗೆರೆ ಚೆನ್ನಾಗಿ ಬರುತ್ತಿತ್ತು, ಆದರೆ ತೊಳೆದ ಪ್ರತಿ ಹಾಳಾಗುತ್ತಿತ್ತು. ಒಂದು ಹಳೆಯ ಪ್ರತಿ ಕರಗಿ ಸಾವಿರಾರು ಹೊಸ ಪ್ರತಿಗಳಾದದ್ದನ್ನು ನೆನೆದರೆ ಮರುಮುದ್ರಣದ ಮೇಲೆ ಗೌರವ ಹೆಚ್ಚುತ್ತದೆ.

ಇನ್ನು ಮೋಸದ ವಿಷಯ. 1974ರಲ್ಲಿ ಡಿಸಿ ಸಂಸ್ಥೆ ‘ಫೇಮಸ್ ಫಸ್ಟ್ ಎಡಿಷನ್’ ಎಂಬ ಮಾಲಿಕೆಯಲ್ಲಿ, 1938ರ ‘ಆಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯನ್ನು ಜಾಹೀರಾತು ಸಹಿತ ದೊಡ್ಡ ಗಾತ್ರದಲ್ಲಿ ಪಡಿಯಚ್ಚು ಮಾಡಿತು. ಹೊರಗೆ ದಪ್ಪ ರಕ್ಷಾಪುಟ, ಅದರೊಳಗೆ 10 ಸೆಂಟ್ ಬೆಲೆಯೂ ಸೇರಿ ಮೂಲ ಮುಖಪುಟದ ನಕಲು. ಹೊರಗಿನದನ್ನು ಕಿತ್ತುಹಾಕಿದರೆ ಉಳಿಯುವುದು, ಸೂಪರ್‌ಮ್ಯಾನ್ ಕಾರನ್ನು ಎತ್ತಿಹಿಡಿದ ಆ ಪ್ರಸಿದ್ಧ ಚಿತ್ರವಿರುವ ಪುಸ್ತಕ. ಅದನ್ನೇ ಮೂಲವೆಂದು ಮಾರಿದವರಿದ್ದಾರೆ, ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿತೆಂದು ಸಂಭ್ರಮಪಟ್ಟವರೂ ಇದ್ದಾರೆ. ಒಂದು ಅಳತೆಪಟ್ಟಿ ಸಾಕು. ಮೂಲದ ಗಾತ್ರ ಸುಮಾರು 7¾ ಇಂಚು ಅಗಲ, 10½ ಇಂಚು ಎತ್ತರ. ಪಡಿಯಚ್ಚು ಸುಮಾರು 10 ಇಂಚು ಅಗಲ, 13½ ಇಂಚು ಎತ್ತರ. ಚಿತ್ರವನ್ನೇ ಕತ್ತರಿಸದೆ ಅದನ್ನು ಚಿಕ್ಕದು ಮಾಡಲಾಗದು. ಫೋಟೋದಲ್ಲಿ ಗಾತ್ರ ತಿಳಿಯುವುದಿಲ್ಲ, ಆದ್ದರಿಂದ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆದ ಚಿತ್ರವನ್ನೇ ಕೇಳಿ. ಅದೇ ಮಾಲಿಕೆಯಲ್ಲಿ ‘ಡಿಟೆಕ್ಟಿವ್ ಕಾಮಿಕ್ಸ್’ 27, ‘ಬ್ಯಾಟ್‌ಮ್ಯಾನ್’ 1, ‘ವಂಡರ್ ವುಮನ್’ 1 ಕೂಡ ಬಂದಿವೆ. ಅವಕ್ಕೂ ಇದೇ ಪರೀಕ್ಷೆ. ಪಡಿಯಚ್ಚಾಗಿಯೇ ಕೊಂಡರೆ ಇವು ಬಹಳ ಒಳ್ಳೆಯ ಪುಸ್ತಕಗಳು.

ಮಾಮೂಲಿ ಗಾತ್ರದ ಪಡಿಯಚ್ಚುಗಳಿಗೆ ಬೇರೆ ಗುರುತು. 1991ರಿಂದ ಬಂದ ‘ಮಾರ್ವೆಲ್ ಮೈಲ್‌ಸ್ಟೋನ್ ಎಡಿಷನ್’ಗಳ ಮುಖಪುಟಕ್ಕೆ ಬೆಳ್ಳಿಬಣ್ಣದ ಅಂಚು, 2000ದ ಡಿಸಿ ‘ಮಿಲೇನಿಯಂ ಎಡಿಷನ್’ಗಳಿಗೆ ಚಿನ್ನದ ಬಣ್ಣದ ಮುದ್ರೆ. ಮುಖಪುಟದಿಂದ ಏನೂ ತಿಳಿಯದಿದ್ದರೆ ಇಂಡಿಶಿಯಾ ಓದಿ. ಮೊದಲ ಪುಟದ ಅಡಿಯಲ್ಲೋ ಮುಖಪುಟದ ಒಳಬದಿಯಲ್ಲೋ ಇರುವೆ ಸಾಲಿನಂಥ ಅಕ್ಷರಗಳಲ್ಲಿರುವ ಪ್ರಕಾಶನದ ವಿವರ ಅದು. ಪುಸ್ತಕದ ನಿಜವಾದ ಹೆಸರು, ಸಂಖ್ಯೆ, ತಿಂಗಳು, ವರ್ಷ ಅಲ್ಲಿರುತ್ತವೆ. ಹೆಸರು ಬದಲಾದದ್ದೂ ಅಲ್ಲೇ ತಿಳಿಯುವುದು. 1965ರಲ್ಲಿ ‘ಮಾರ್ವೆಲ್ ಕಲೆಕ್ಟರ್ಸ್ ಐಟಂ ಕ್ಲಾಸಿಕ್ಸ್’ ಎಂದು ಶುರುವಾದದ್ದೇ 23ನೇ ಸಂಚಿಕೆಯಿಂದ ‘ಮಾರ್ವೆಲ್ಸ್ ಗ್ರೇಟೆಸ್ಟ್ ಕಾಮಿಕ್ಸ್’ ಆಯಿತು, ಸಂಖ್ಯೆ ಮಾತ್ರ ಮುಂದುವರಿಯಿತು. ಈ ಹೆಸರಿನಲ್ಲಿ 1ರಿಂದ 22 ಹುಡುಕಿದರೆ ಸಿಗುವುದಿಲ್ಲ. ಡಿಸಿಯ 50 ಸೆಂಟಿನ ‘100 ಪೇಜ್ ಸೂಪರ್ ಸ್ಪೆಕ್ಟಾಕ್ಯುಲರ್’ ಕೂಡ 1971ರಲ್ಲಿ ಶುರುವಾದದ್ದೇ 4ನೇ ಸಂಖ್ಯೆಯಿಂದ.

ಕೊಂಡ ಮೇಲೆ ಕಾಪಾಡುವ ಕೆಲಸ. ನ್ಯೂಸ್‌ಪ್ರಿಂಟ್ ತಯಾರಿಸುವಾಗ ಮರದ ಲಿಗ್ನಿನ್, ಅಂದರೆ ನಾರುಗಳನ್ನು ಹಿಡಿದಿಡುವ ಅಂಶ, ತೆಗೆಯುವುದಿಲ್ಲ. ಬೆಳಕು, ಗಾಳಿ ತಾಗಿದಂತೆ ಲಿಗ್ನಿನ್ ಹಳದಿಗಟ್ಟುತ್ತದೆ, ಕಾಗದದೊಳಗಿನ ಆಮ್ಲ ನಾರುಗಳನ್ನು ಕಡಿಯುತ್ತ ಹೋಗುತ್ತದೆ. ಮೊದಲು ಅಂಚು ಕಂದುತ್ತದೆ, ಆಮೇಲೆ ಮುಟ್ಟಿದರೆ ಉದುರುತ್ತದೆ. ಇದನ್ನು ನಿಲ್ಲಿಸಲಾಗದು, ನಿಧಾನ ಮಾಡಬಹುದು. ತಾಪ 20 ಡಿಗ್ರಿ ಸೆಲ್ಸಿಯಸ್ ಆಸುಪಾಸು, ತೇವಾಂಶ 35ರಿಂದ 50 ಪ್ರತಿಶತ, ಕತ್ತಲು. ತೇವ ಹೆಚ್ಚಾದರೆ ಬೂಷ್ಟು ಬರುತ್ತದೆ, ಪಿನ್ನು ತುಕ್ಕು ಹಿಡಿದು ಕಾಗದವನ್ನು ತಿನ್ನುತ್ತದೆ. ತೀರ ಒಣಗಿದರೆ ಮಡಿಕೆಯಲ್ಲಿ ಬಿರುಕು. ಬಿಸಿಲು ಬೀಳುವ ಕಪಾಟಿನಲ್ಲಂತೂ ಇಡಲೇಬೇಡಿ. ಹಳದಿ, ಕೆಂಪು ಮೊದಲು ಹಾರಿಹೋಗಿ ಬೆನ್ನಿನ ಮೇಲೆ ಬರೀ ನೀಲಿ ಉಳಿಯುತ್ತದೆ.

ಸಂಚಿಕೆಯನ್ನು ಹಾಕಿಡುವ ಚೀಲ ಪಾಲಿಪ್ರಾಪಿಲೀನ್ ಅಥವಾ ಪಾಲಿಯೆಸ್ಟರ್‌ನದಾಗಿರಲಿ. ಎರಡನೆಯದು ದುಬಾರಿ, ಆದರೆ ದಶಕಗಟ್ಟಲೆ ಬಾಳುತ್ತದೆ. ಮೊದಲನೆಯದು ಮಂಕಾಗಿ ಸುಕ್ಕುಗಟ್ಟತೊಡಗಿದಾಗ ಬದಲಿಸಿ. ಪಿವಿಸಿ ಬೇಡವೇ ಬೇಡ, ಅದನ್ನು ಮೆತ್ತಗಿಡಲು ಬೆರೆಸಿದ ರಾಸಾಯನಿಕ ಒಸರಿ, ಅದಕ್ಕೆ ಮುಖಪುಟದ ಶಾಯಿ ಅಂಟಿಕೊಳ್ಳುತ್ತದೆ. ಎಪ್ಪತ್ತರ ಕೊನೆಯ ನಂತರದ ಸಂಚಿಕೆಗಳಿಗೆ 6⅞ ಇಂಚು ಅಗಲದ ಚೀಲ ಸರಿ, ಅರವತ್ತರ ದಶಕದವಕ್ಕೆ ಅದು ಬಿಗಿ, ಮೂಲೆ ಮಡಚುತ್ತದೆ, ಒಂದು ಅಳತೆ ದೊಡ್ಡದು ತನ್ನಿ. ಹಿಂದೆ ಕೊಡುವ ರಟ್ಟು ಆಮ್ಲರಹಿತವಾಗಿರಬೇಕು. ಹಲವು ರಟ್ಟುಗಳಿಗೆ ಆಮ್ಲ ತಡೆಯುವ ಲೇಪ ಒಂದೇ ಬದಿಗೆ ಇರುತ್ತದೆ, ಹೊಳಪಿನ ಬದಿ ಪುಸ್ತಕದ ಕಡೆಗಿರಲಿ.

ಚೆನ್ನಾಗಿದ್ದ ಪ್ರತಿಗಳು ಅತಿ ಹೆಚ್ಚು ಹಾಳಾಗುವುದು ಅಂಟುಪಟ್ಟಿಯಿಂದ. ಚೀಲದ ಬಾಯಿಗೆ ಹಚ್ಚಿದ ಪಟ್ಟಿ, ಪುಸ್ತಕ ಹೊರಗೆಳೆಯುವಾಗ ಮುಖಪುಟಕ್ಕೆ ತಾಗಿದರೆ ಬಣ್ಣದ ಪದರವನ್ನೇ ಎತ್ತಿಕೊಂಡು ಬರುತ್ತದೆ. ಅದಕ್ಕೇ ಪಟ್ಟಿಯನ್ನು ಪೂರ್ತಿ ತೆಗೆದು ಪಕ್ಕಕ್ಕೆ ಹಚ್ಚಿಟ್ಟ ಮೇಲೆಯೇ ಪುಸ್ತಕ ಹೊರತೆಗೆಯಿರಿ, ರಟ್ಟಿನ ಸಮೇತ. ಹರಿದ ಹಾಳೆಗೆ ಪಾರದರ್ಶಕ ಟೇಪು ಹಚ್ಚುವುದಂತೂ ಗಾಯಕ್ಕೆ ಉಪ್ಪು ಸವರಿದ ಹಾಗೆ. ಕೆಲವೇ ವರ್ಷಗಳಲ್ಲಿ ಅಂಟು ಕಂದಾಗಿ ಕಾಗದದೊಳಗೆ ಇಳಿಯುತ್ತದೆ, ಆಮೇಲೆ ತೆಗೆಯಲು ಬರುವುದಿಲ್ಲ.

ಮುಗ್ಗಲು ವಾಸನೆಯಿದ್ದರೆ ಮೊದಲು ಉಳಿದವುಗಳಿಂದ ಬೇರ್ಪಡಿಸಿ, ನೆರಳಿನಲ್ಲಿ ಗಾಳಿಗೆ ಒಣಗಿಸಿ. ನಂತರ ಮುಚ್ಚಳವಿರುವ ಡಬ್ಬಿಯಲ್ಲಿ, ಬಟ್ಟಲಲ್ಲಿಟ್ಟ ಅಡುಗೆ ಸೋಡಾದ ಜೊತೆ, ಒಂದಕ್ಕೊಂದು ತಾಗದ ಹಾಗೆ ಎರಡು ವಾರ ಇಡಿ. ಸೋಡಾವನ್ನು ಹಾಳೆಗಳ ನಡುವೆ ಉದುರಿಸಿದರೆ ಆ ಪುಡಿ ಹೋಗುವುದೇ ಇಲ್ಲ.

ಮಾಮೂಲಿ ಸಂಚಿಕೆಗಳನ್ನು ಪೆಟ್ಟಿಗೆಯಲ್ಲಿ ನೆಟ್ಟಗೆ ನಿಲ್ಲಿಸಿ. ಜಾಗ ಉಳಿದರೆ ಅವು ವಾಲಿ ಬೆನ್ನು ಬಾಗುತ್ತದೆ, ಖಾಲಿ ಕಡೆಗೆ ರಟ್ಟು ತುಂಬಿಸಿ. ತುರುಕಿದರೆ ತೆಗೆಯುವಾಗ ಮೂಲೆ ನಲುಗುತ್ತದೆ. ದೊಡ್ಡ ಗಾತ್ರದವು ನಿಂತರೆ ತಮ್ಮ ಭಾರಕ್ಕೇ ಕುಸಿಯುತ್ತವೆ, ಅವುಗಳನ್ನು ಗಟ್ಟಿ ರಟ್ಟಿನ ಮೇಲೆ ಮಲಗಿಸಿಡಬೇಕು. ಅಂಟು ಹಾಕಿದ ಚೌಕ ಬೆನ್ನಿನ 100 ಪುಟದವು, ‘ಆರಿಜಿನ್ಸ್’ನಂಥ ಪುಸ್ತಕಗಳು ಇನ್ನೂ ನಾಜೂಕು. ಅಂಟು ಒಣಗಿ ಗಾಜಿನಂತಾಗಿರುತ್ತದೆ, ಅಗಲವಾಗಿ ಬಿಡಿಸಿದರೆ ‘ಟಕ್’ ಎಂದು ಬಿರಿದು ಹಾಳೆ ಕೈಗೆ ಬರುತ್ತದೆ. ಕೈ ತೊಳೆದು ಪೂರ್ತಿ ಒರೆಸಿಕೊಂಡು, ಎರಡು ಬದಿಗೂ ದಿಂಬಿನ ಆಸರೆ ಕೊಟ್ಟು, ಪುಸ್ತಕವನ್ನು ಅರ್ಧವಷ್ಟೇ ತೆರೆದು ಓದಿ.